ಡ್ರಮ್ ಮೊದಲು, ಹಾಡು ಆಮೇಲೆ

ಅಮೆರಿಕದ ಹಾಡುಗಾರ ಪಾಲ್ ಸೈಮನ್ ಅವರ 'ದಿ ರಿದಮ್ ಆಫ್ ದಿ ಸೇಂಟ್ಸ್' ಆಲ್ಬಮ್ ಶುರುವಾಗುವುದು ಬರೀ ಡ್ರಮ್‌ನಿಂದ. ಗಿಟಾರ್ ಇಲ್ಲ, ದನಿ ಇಲ್ಲ. ಒಂದಿಷ್ಟು ಜನ ಒಟ್ಟಿಗೆ ಹೊಡೆದ ಏಟು, ಆಮೇಲೆ ಒಂದು ಚೂರು ಖಾಲಿ, ಮತ್ತೆ ಏಟು. ಆ ಖಾಲಿಯಲ್ಲಿ ಕಿವಿ ಇಟ್ಟರೆ ಸದ್ದು ಎಲ್ಲೋ ತಾಗಿ ವಾಪಸ್ ಬರುವುದು ಗೊತ್ತಾಗುತ್ತದೆ. ಸ್ಟುಡಿಯೋದೊಳಗೆ ಸದ್ದು ಹೀಗೆ ಅಲೆಯುವುದಿಲ್ಲ. ಬ್ರೆಜಿಲ್‌ನ ಬಹಿಯಾ ರಾಜ್ಯದ ಸಾಲ್ವಡೋರ್ ನಗರದಲ್ಲಿ ಪೆಲೊರಿನ್ಯೊ ಅಂತ ಒಂದು ಹಳೇ ಚೌಕ ಇದೆ. ಕಲ್ಲು ಹಾಸಿದ ಇಳಿಜಾರು, ಎರಡೂ ಕಡೆ ಪೋರ್ಚುಗೀಸರ ಕಾಲದ ಮಹಡಿ ಮನೆಗಳು. ಆ ಮನೆಗಳ ಗೋಡೆಗೆ ಬಡಿದು ಬಂದ ಸದ್ದು ಅದು.

ಹಾಡಿನ ಹೆಸರು 'ದಿ ಆಬ್ವಿಯಸ್ ಚೈಲ್ಡ್'. ಹೊಡೆದವರು ಓಲೊಡುಮ್ ಅನ್ನುವ ಅಲ್ಲಿನ ಡ್ರಮ್ ತಂಡದವರು. ಸೈಮನ್ ಅವರ ಬಹುಕಾಲದ ಜೊತೆಗಾರ, ಸೌಂಡ್ ಎಂಜಿನಿಯರ್ ರಾಯ್ ಹ್ಯಾಲಿ ಬೀದಿಯ ಕಂಬಗಳಿಗೆ ಮೈಕ್ ಕಟ್ಟಿ, ಬಯಲಿನಲ್ಲೇ ಇದನ್ನು ರೆಕಾರ್ಡ್ ಮಾಡಿಕೊಂಡರು. ಆಲ್ಬಮ್ ಹೊರಬಂದದ್ದು 1990ರ ಅಕ್ಟೋಬರ್ 16ಕ್ಕೆ. ಅದಕ್ಕೆ ಮೂರು ದಿನ ಮೊದಲು ಸೈಮನ್ ಅವರಿಗೆ 49 ತುಂಬಿತ್ತು.

ಹಿಂದಿನ ಆಲ್ಬಮ್ 'ಗ್ರೇಸ್‌ಲ್ಯಾಂಡ್' 1986ರದ್ದು. ದಕ್ಷಿಣ ಆಫ್ರಿಕಾದ ಸಂಗೀತಗಾರರ ಜೊತೆ ಮಾಡಿದ್ದು. ಅದು ಗೆದ್ದ ರೀತಿಯೂ ದೊಡ್ಡದು, ಎದ್ದ ಜಗಳವೂ ದೊಡ್ಡದು. ವರ್ಣಭೇದ ಸರ್ಕಾರದ ವಿರುದ್ಧ ವಿಶ್ವಸಂಸ್ಥೆ ಹೇಳಿದ್ದ ಸಾಂಸ್ಕೃತಿಕ ಬಹಿಷ್ಕಾರವನ್ನು ಸೈಮನ್ ಮುರಿದರು ಅಂತ ಬಹಳ ಜನ ಸಿಟ್ಟಾದರು. ಆ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಬ್ರೆಜಿಲ್‌ನ ಈ ಆಲ್ಬಮ್ ಬಗ್ಗೆ ಅಷ್ಟು ಬರೆದವರಿಲ್ಲ. ಅದು 'ಗ್ರೇಸ್‌ಲ್ಯಾಂಡ್‌'ನ ನೆರಳಲ್ಲೇ ಉಳಿಯಿತು. ನನಗೆ ಕೇಳಿದರೆ ಎರಡರಲ್ಲಿ ಇದೇ ಆಳವಾದದ್ದು. ಕಿವಿಗೆ ತಕ್ಷಣ ಹತ್ತುವುದಿಲ್ಲ, ನಿಜ. ಹತ್ತಿದ ಮೇಲೆ ಇಳಿಯುವುದೂ ಇಲ್ಲ.

ನಾನು ಇದನ್ನು ಮೊದಲು ಕೇಳಿದ್ದು ಕಾಲೇಜಿನ ದಿನಗಳಲ್ಲಿ, ಗೆಳೆಯನ ಅಣ್ಣನ ಹತ್ತಿರ ಇದ್ದ ಕ್ಯಾಸೆಟ್‌ನಲ್ಲಿ. ಆಗ ಬ್ರೆಜಿಲ್ ಅಂದರೆ ನನಗೆ ಫುಟ್‌ಬಾಲ್ ಮತ್ತು ಕಾರ್ನಿವಲ್ ಫೋಟೋ, ಅಷ್ಟೆ. ಹಾಡಿನ ಇಂಗ್ಲಿಷ್ ಸಾಲುಗಳು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೂ ಟೇಪನ್ನು ತಿರುಗಿಸಿ ತಿರುಗಿಸಿ ಹಾಕುತ್ತಿದ್ದೆ. ಯಾಕೆ ಅಂತ ಅರ್ಥವಾಗಿದ್ದು ಈ ಹಾಡುಗಳನ್ನು ಹೇಗೆ ಕಟ್ಟಿದರು ಅಂತ ಓದಿದ ಮೇಲೆ.

ಸಾಮಾನ್ಯವಾಗಿ ಪಾಪ್ ಹಾಡು ಹುಟ್ಟುವುದು ಒಂದು ರಾಗದಿಂದ ಅಥವಾ ಒಂದು ಸಾಲಿನಿಂದ. ಯಾರೋ ಗಿಟಾರ್ ಹಿಡಿದು ಗುನುಗುತ್ತಾರೆ. ಹಾಡು ಸಿದ್ಧವಾಗುತ್ತದೆ. ಕೊನೆಗೆ ಡ್ರಮ್ ನುಡಿಸುವವರನ್ನು ಕರೆದು, ಇದಕ್ಕೆ ಒಂದು ಬೀಟ್ ಹಾಕಿ ಅನ್ನುತ್ತಾರೆ. ಸೈಮನ್ ಕೂಡ 1960ರ ದಶಕದಲ್ಲಿ ಹಾಗೇ ಬರೆದವರು. ಇಲ್ಲಿ ಅವರು ಆ ಕ್ರಮವನ್ನು ಪೂರ್ತಿ ಉಲ್ಟಾ ಮಾಡಿದರು. ಮೊದಲು ಬ್ರೆಜಿಲ್‌ಗೆ ಹೋಗಿ ಬರೀ ತಾಳವಾದ್ಯ ರೆಕಾರ್ಡ್ ಮಾಡಿಕೊಂಡರು. ಹಾಡು ಯಾವುದು ಅಂತ ಆಗ ಅವರಿಗೂ ಗೊತ್ತಿರಲಿಲ್ಲ. ಆ ಟೇಪುಗಳನ್ನು ತಂದು, ಕತ್ತರಿಸಿ ಜೋಡಿಸಿ, ಅದರ ಮೇಲೆ ಗಿಟಾರ್ ಕೂರಿಸಿದರು. ಗಿಟಾರ್ ನುಡಿಸಿದವರಲ್ಲಿ ಮುಖ್ಯರಾದವರು ಕ್ಯಾಮರೂನ್ ದೇಶದ ವಿನ್ಸೆಂಟ್ ಎನ್‌ಗಿನಿ. ಅವರು ನುಡಿಸುವ ಎಳೆಗಳು ಡ್ರಮ್‌ನ ಸಂದಿಗಳಲ್ಲಿ ನುಸುಳಿ ಹೋಗುತ್ತವೆ, ಎಲ್ಲೂ ಅಡ್ಡ ಬರುವುದಿಲ್ಲ. ಪದ ಮತ್ತು ರಾಗ ಬಂದದ್ದು ಎಲ್ಲಕ್ಕಿಂತ ಕೊನೆಗೆ.

ಇದರಿಂದ ಏನಾಯಿತು ಅಂತ ಮೊದಲ ಹಾಡಿನಲ್ಲೇ ಕೇಳಬಹುದು. ಆ ಕಥೆಯಲ್ಲಿ ಬ್ರೆಜಿಲ್ ಇಲ್ಲವೇ ಇಲ್ಲ. ಸನ್ನಿ ಅನ್ನುವ ಒಬ್ಬ ಅಮೆರಿಕನ್. ಮದುವೆ, ಮಗು, ಸಂಸಾರ. ಒಂದು ದಿನ ಹಳೇ ಶಾಲೆಯ ವಾರ್ಷಿಕ ಪುಸ್ತಕ ತೆಗೆದು ಕೂರುತ್ತಾನೆ. ಗೆಳೆಯರಲ್ಲಿ ಕೆಲವರು ತೀರಿಕೊಂಡಿದ್ದಾರೆ, ಕೆಲವರು ಎಲ್ಲೋ ಓಡಿಹೋಗಿದ್ದಾರೆ. ಇಷ್ಟೇ ವಿಷಯ. ಇದನ್ನೇ ಒಂದು ಗಿಟಾರ್ ಇಟ್ಟುಕೊಂಡು ಹಾಡಿದ್ದರೆ ತಲೆದೂಗಿ ಮರೆತುಬಿಡುತ್ತಿದ್ದೆವು. ಆದರೆ ಕೆಳಗೆ ಆ ಡ್ರಮ್ ನಡೆಯುತ್ತಲೇ ಇದೆ. ಸನ್ನಿಗೆ ವಯಸ್ಸಾಗುತ್ತಿದೆ, ಡ್ರಮ್ ಅವನಿಗಾಗಿ ನಿಲ್ಲುವುದಿಲ್ಲ. ಸೈಮನ್ ದನಿಯನ್ನು ಎತ್ತುವುದೂ ಇಲ್ಲ. ಅಷ್ಟು ದೊಡ್ಡ ಸದ್ದಿನ ಮೇಲೆ ಪಕ್ಕದಲ್ಲಿ ಕೂತು ಮಾತಾಡುವ ಹಾಗೆ ಹಾಡುತ್ತಾರೆ. ಬಹಿಯಾದವರಂತೆ ನಟಿಸುವುದಿಲ್ಲ, ಪೋರ್ಚುಗೀಸ್ ಉಚ್ಚಾರಣೆ ಹಚ್ಚಿಕೊಳ್ಳುವುದಿಲ್ಲ. ನಾನು ನ್ಯೂಯಾರ್ಕಿನವನು, ಇವರು ಸಾಲ್ವಡೋರಿನವರು ಅನ್ನುವುದು ಹಾಡಿನುದ್ದಕ್ಕೂ ಕೇಳುತ್ತದೆ. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ಈಗ ಆ ಡ್ರಮ್ ಎಲ್ಲಿಂದ ಬಂತು ಅನ್ನುವುದಕ್ಕೆ ಬರೋಣ. ಆಲ್ಬಮ್‌ನ ಜೀವ ಇರುವುದೇ ಅಲ್ಲಿ.

ಸಾಲ್ವಡೋರ್ ಬ್ರೆಜಿಲ್‌ನ ಮೊದಲ ರಾಜಧಾನಿ. 1549ರಿಂದ 1763ರವರೆಗೆ ಪೋರ್ಚುಗೀಸರು ಇಲ್ಲಿಂದಲೇ ಆಳಿದರು. ಆಫ್ರಿಕಾದಿಂದ ಬ್ರೆಜಿಲ್‌ಗೆ ಗುಲಾಮರಾಗಿ ತಂದವರ ಸಂಖ್ಯೆ 40 ಲಕ್ಷಕ್ಕೂ ಜಾಸ್ತಿ. ಅಮೆರಿಕ ಖಂಡಗಳಲ್ಲಿ ಬೇರೆ ಯಾವ ದೇಶಕ್ಕೂ ಇಷ್ಟು ಜನರನ್ನು ತಂದಿಲ್ಲ. ಅವರಲ್ಲಿ ದೊಡ್ಡ ಪಾಲು ಇಳಿದದ್ದು ಬಹಿಯಾದ ಬಂದರಿನಲ್ಲಿ. ಪೆಲೊರಿನ್ಯೊ ಅಂದರೆ ಗುಲಾಮರನ್ನು ಕಂಬಕ್ಕೆ ಕಟ್ಟಿ ಎಲ್ಲರೆದುರು ಚಾಟಿಯಲ್ಲಿ ಹೊಡೆಯುತ್ತಿದ್ದ ಜಾಗ. ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದದ್ದು 1888ರಲ್ಲಿ. ಅಮೆರಿಕ ಖಂಡಗಳಲ್ಲೇ ಎಲ್ಲರಿಗಿಂತ ಕೊನೆಗೆ.

ಆಮೇಲೆ ಸಿರಿವಂತರು ಈ ಹಳೇ ಊರನ್ನು ಬಿಟ್ಟು ಬೇರೆ ಕಡೆ ಹೋದರು. ಅವರ ಮಹಡಿ ಮನೆಗಳು ಸೋರಲು ಶುರುವಾದವು, ಬಡವರು ಬಂದು ಸೇರಿದರು. 1970ರ ದಶಕದ ಹೊತ್ತಿಗೆ ಪೆಲೊರಿನ್ಯೊ ಅಂದರೆ ಒಳ್ಳೆಯ ಮನೆಯವರು ಹೋಗಬಾರದ ಜಾಗ. ಸಾಲ್ವಡೋರಿನ ಹೆಚ್ಚಿನ ಜನ ಕರಿಯರು. ಆದರೂ ಅಲ್ಲಿನ ಕಾರ್ನಿವಲ್‌ನ ದೊಡ್ಡ ಕ್ಲಬ್ಬುಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಗ್ಗ ಕಟ್ಟಿದ ಮೆರವಣಿಗೆಯೊಳಗೆ ಬಿಳಿಯರು, ಹಗ್ಗ ಹಿಡಿದು ನಿಲ್ಲುವ ಕೂಲಿಗೆ ಕರಿಯರು. 1974ರಲ್ಲಿ ಇಲೆ ಐಯೆ ಅನ್ನುವ ತಂಡ ಹುಟ್ಟಿತು. ಇದು ಬರೀ ಕರಿಯರ ಕಾರ್ನಿವಲ್ ತಂಡ. ಮರುವರ್ಷ ಅವರು ಬೀದಿಗೆ ಬಂದಾಗ ಊರಿನ ಒಂದು ಪತ್ರಿಕೆ ಅವರನ್ನೇ ಜನಾಂಗೀಯವಾದಿಗಳು ಅಂತ ಬರೆಯಿತು. ತಲೆಮಾರುಗಟ್ಟಲೆ ಹಗ್ಗದ ಹೊರಗೆ ನಿಂತವರಿಗೆ ಈ ಮಾತು.

ಓಲೊಡುಮ್ ಶುರುವಾದದ್ದು 1979ರ ಏಪ್ರಿಲ್‌ನಲ್ಲಿ, ಪೆಲೊರಿನ್ಯೊದ ಜನರೇ ತಮಗೂ ಒಂದು ಕಾರ್ನಿವಲ್ ತಂಡ ಬೇಕು ಅಂತ ಸೇರಿ ಕಟ್ಟಿದ್ದು. ಕೆಲವು ವರ್ಷಗಳ ನಂತರ ಇಲೆ ಐಯೆಯಿಂದ ನೆಗಿನ್ಯೊ ದೊ ಸಾಂಬಾ ಅಲ್ಲಿಗೆ ಬಂದರು. ಅವರ ಮೂಲ ಹೆಸರು ಆಂಟೋನಿಯೊ ಲೂಯಿಸ್ ಆಲ್ವೆಸ್ ಡಿ ಸೋಜಾ. ಈ ಆಲ್ಬಮ್ ಬಗ್ಗೆ ಮಾತಾಡುವಾಗ ಸೈಮನ್ ಅವರಷ್ಟೇ ಸಲ ಇವರ ಹೆಸರು ಬರಬೇಕು ಅಂತ ನನ್ನ ಅನಿಸಿಕೆ. ಸಾಂಬಾ-ರೆಗೇ ಅನ್ನುವ ಹೊಸ ನಡೆಯನ್ನು ಕಟ್ಟಿದವರು ಇವರು.

ಅದು ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಸುರ್ದೊ ಅಂದರೆ ಸೊಂಟಕ್ಕೆ ಕಟ್ಟಿಕೊಳ್ಳುವ ದೊಡ್ಡ ಪೀಪಾಯಿಯಂಥ ಡ್ರಮ್. ಮೆತ್ತನೆ ತಲೆಯ ಕೋಲಿನಿಂದ ಹೊಡೆಯುತ್ತಾರೆ. ಒಂದು ಸುರ್ದೊ ಕೇಳುತ್ತದೆ, ಇನ್ನೊಂದು ಅದಕ್ಕಿಂತ ಚೂರು ಬೇರೆ ಶ್ರುತಿಯಲ್ಲಿ ಉತ್ತರ ಕೊಡುತ್ತದೆ. ಇವೆರಡು ನೆಲ. ಇವುಗಳ ನಡುವೆ ಸ್ವಲ್ಪ ಚಿಕ್ಕ ಸುರ್ದೊಗಳು ತಿರುವು ಹಾಕುತ್ತವೆ. ಮೇಲೆ ರೆಪಿಕ್ ಅನ್ನುವ ಸಣ್ಣ, ಚುರುಕು ದನಿಯ ಡ್ರಮ್. ಅದನ್ನು ಬಾಗುವ ತೆಳ್ಳನೆ ಕಡ್ಡಿಗಳಿಂದ ಹೊಡೆಯುತ್ತಾರೆ, ಚಟಚಟ ಅನ್ನುತ್ತದೆ. ಜೊತೆಗೆ ಕೈಶಾ, ತಂತಿ ಕಟ್ಟಿದ ಡ್ರಮ್, ಮಳೆ ಬಿದ್ದ ಹಾಗೆ ನಿರಂತರ. ರಿಯೋ ಸಾಂಬಾ ಓಡುತ್ತದೆ. ನೆಗಿನ್ಯೊ ಅದನ್ನು ನಿಧಾನ ಮಾಡಿದರು. ಜಮೈಕಾದ ರೆಗೇಯಲ್ಲಿ ಗಿಟಾರ್ ಎಲ್ಲಿ ತಟ್ಟುತ್ತದೋ ಆ ಜಾಗಕ್ಕೆ ರೆಪಿಕ್ ತಂದು ಕೂರಿಸಿದರು. ನಿಧಾನವಾದ ಕೂಡಲೇ ತೂಕ ಬಂತು. ನಡೆಯುತ್ತಾ ನುಡಿಸಬಹುದು, ಕುಣಿಯುತ್ತಾ ನುಡಿಸಬಹುದು, ಡ್ರಮ್ ಅನ್ನು ತಲೆಯ ಮೇಲೆತ್ತಿ ಮತ್ತೆ ಇಳಿಸುವಷ್ಟು ಹೊತ್ತು ಸಿಗುತ್ತದೆ.

1987ರ ಕಾರ್ನಿವಲ್‌ಗೆ ಓಲೊಡುಮ್ ಆರಿಸಿಕೊಂಡ ವಿಷಯ ಪ್ರಾಚೀನ ಈಜಿಪ್ಟ್. ಫೇರೋಗಳು ಕರಿಯರು, ನಾವು ಅವರ ಕುಲದವರು ಅಂತ ಹಾಡು. ಕುಸಿಯುತ್ತಿದ್ದ ಮನೆಗಳ ಮಕ್ಕಳು ಬೀದಿಯಲ್ಲಿ ಹಾಗೆ ಹಾಡಿದರು. ಆ ಹಾಡು ಇಡೀ ಸಾಲ್ವಡೋರನ್ನು ಹಿಡಿದುಬಿಟ್ಟಿತು. ಸೈಮನ್ ಮೈಕ್ ಹಿಡಿದು ಪೆಲೊರಿನ್ಯೊಗೆ ಬಂದದ್ದು ಇದಾದ ಮೇಲೆ. ಇದನ್ನು ಒತ್ತಿ ಹೇಳುತ್ತೇನೆ. ಬೀದಿಯಲ್ಲಿ ಯಾರೂ ಗಮನಿಸದೆ ಬಿದ್ದಿದ್ದ ಏನನ್ನೋ ಅಮೆರಿಕದವರು ಬಂದು ಪತ್ತೆ ಹಚ್ಚಿದರು ಅನ್ನುವ ಹಾಗೆ ಬಹಳ ಕಡೆ ಬರೆಯುತ್ತಾರೆ. ಅವರು ಬರುವ ಹೊತ್ತಿಗೆ ಓಲೊಡುಮ್ ಆ ನಗರದ ಕಾರ್ನಿವಲ್ ನಡೆಯನ್ನೇ ಬದಲಿಸಿ ಆಗಿತ್ತು.

ಆಲ್ಬಮ್ ಹೆಸರಿನಲ್ಲಿರುವ ಸಂತರ ವಿಷಯ ಇನ್ನೂ ಹಿಂದಕ್ಕೆ ಹೋಗುತ್ತದೆ. ಪಶ್ಚಿಮ ಆಫ್ರಿಕಾದ ಯೊರುಬಾ ಮತ್ತಿತರ ಜನ ತಮ್ಮ ದೇವತೆಗಳನ್ನು ಜೊತೆಗೇ ತಂದರು. ಆ ದೇವತೆಗಳಿಗೆ ಒರಿಶಾ ಅಂತ ಹೆಸರು. ಆ ಧರ್ಮಕ್ಕೆ ಕಾಂದೊಂಬ್ಲೆ ಅನ್ನುತ್ತಾರೆ. ಒಡೆಯರ ಕಣ್ಣಿಗೆ ಬೀಳದಂತೆ ಒಂದೊಂದು ಒರಿಶಾವನ್ನೂ ಒಬ್ಬೊಬ್ಬ ಕ್ಯಾಥೊಲಿಕ್ ಸಂತರ ಹಿಂದೆ ಇಟ್ಟು ಪೂಜಿಸಿದರು. ಗಾಳಿ ಮತ್ತು ಸಿಡಿಲಿನ ದೇವತೆ ಇಯಾನ್ಸಾ ಸಾಂತಾ ಬಾರ್ಬರಾ ಆದಳು. ಈಗಲೂ ಡಿಸೆಂಬರ್ 4ಕ್ಕೆ ಪೆಲೊರಿನ್ಯೊದಲ್ಲಿ, ಕರಿಯರೇ ಕಟ್ಟಿಕೊಂಡ ರೊಸಾರಿಯೊ ಚರ್ಚಿನ ಎದುರು, ಸಾವಿರಾರು ಜನ ಕೆಂಪು ಬಟ್ಟೆ ಹಾಕಿಕೊಂಡು ಸೇರುತ್ತಾರೆ. ಒಳಗೆ ಪೂಜೆ ಸಂತಳಿಗೆ, ಕೆಂಪು ಬಟ್ಟೆ ಇಯಾನ್ಸಾಳದ್ದು.

ಕಾಂದೊಂಬ್ಲೆಯಲ್ಲಿ ಡ್ರಮ್ ಇಲ್ಲದೆ ಏನೂ ನಡೆಯುವುದಿಲ್ಲ. ಅಟಬಾಕೆ ಅಂತ ಮೂರು ಎತ್ತರದ ಡ್ರಮ್‌ಗಳು, ದೊಡ್ಡದು ರೂಮ್, ನಡುವಿನದು ರೂಂಪಿ, ಚಿಕ್ಕದು ಲೆ. ಜೊತೆಗೆ ಒಂದು ಕಬ್ಬಿಣದ ಗಂಟೆ. ಗಂಟೆ ಮತ್ತು ಎರಡು ಸಣ್ಣ ಡ್ರಮ್ ಒಂದೇ ನಡೆಯನ್ನು ಬಿಡದೆ ಹಿಡಿಯುತ್ತವೆ. ದೊಡ್ಡದು ಮಾತ್ರ ಕುಣಿಯುವವರ ಜೊತೆ ಮಾತಾಡುತ್ತದೆ. ಒಂದೊಂದು ಒರಿಶಾಗೂ ತನ್ನದೇ ನಡೆ. ಶಾಂಗೊಗೆ ಅಲುಜಾ, ಓಶೊಸಿಗೆ ಅಗೆರೆ, ನದಿಯ ದೇವತೆ ಓಶುಂಗೆ ಇಜೆಶಾ. ಆ ನಡೆ ನುಡಿದಾಗ ಆ ದೇವತೆ ಮೈಮೇಲೆ ಬರುತ್ತದೆ ಅಂತ ನಂಬಿಕೆ. ಬಹಿಯಾದಲ್ಲಿ ಇಂಥ ಪೂಜೆ ಮಾಡಲು 1976ರವರೆಗೂ ಪೊಲೀಸರ ಹತ್ತಿರ ನೋಂದಾಯಿಸಿ ಅನುಮತಿ ಪಡೆಯಬೇಕಿತ್ತು. ನನ್ನ ವಯಸ್ಸಿನವರಿಗೆ ಅದೇನೂ ಬಹಳ ಹಳೇ ಕಾಲ ಅಲ್ಲ.

ಸೈಮನ್ ಆಲ್ಬಮ್ ಪೂಜೆಯ ಸಂಗೀತವಲ್ಲ. ಹಾಗಂತ ಹೇಳಿಕೊಳ್ಳುವುದೂ ಇಲ್ಲ. ಕೊನೆಯ ಹಾಡಿಗೆ ಆಲ್ಬಮ್‌ನದ್ದೇ ಹೆಸರು. ಅದರಲ್ಲಿ ಯೊರುಬಾ ಪರಮದೇವತೆ ಓಲೊಡುಮಾರೆ ಬಂದು ಹೋಗುತ್ತಾನೆ. ಓಲೊಡುಮ್ ತಂಡದ ಹೆಸರು ಬಂದದ್ದೂ ಅವನಿಂದಲೇ. ಆ ಹಾಡಿನಲ್ಲಿ ಸೈಮನ್ ಹೊಸಿಲಿನ ಹೊರಗೆ ನಿಂತು ಕೇಳಿಸಿಕೊಳ್ಳುವವರ ಹಾಗಿದ್ದಾರೆ. ಒಳಗೆ ನುಗ್ಗುವುದಿಲ್ಲ.

ಇಲ್ಲೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಜೆಶಾ ನಡೆಯನ್ನು ಕಾಂದೊಂಬ್ಲೆ ಮನೆಯಿಂದ ಬೀದಿಗೆ ತಂದವರಲ್ಲಿ ಒಂದು ದೊಡ್ಡ ತಂಡಕ್ಕೆ ನಮ್ಮ ಗಾಂಧಿಯವರ ಹೆಸರು. ಫಿಲ್ಯೊಸ್ ಡಿ ಗಾಂಧಿ, ಅಂದರೆ ಗಾಂಧಿಯ ಮಕ್ಕಳು. 1949ರಲ್ಲಿ, ಗಾಂಧೀಜಿ ತೀರಿಕೊಂಡ ಮರುವರ್ಷ, ಸಾಲ್ವಡೋರಿನ ಬಂದರಿನ ಹಮಾಲಿಗಳು ಸೇರಿ ಇದನ್ನು ಕಟ್ಟಿದರು. ಬಿಳಿ ಬಟ್ಟೆ, ತಲೆಗೆ ಟವೆಲ್ಲಿನ ಪೇಟ, ಕೊರಳಲ್ಲಿ ನೀಲಿ-ಬಿಳಿ ಮಣಿಸರ. ಕಾರ್ನಿವಲ್‌ನ ಗಲಾಟೆಯ ನಡುವೆ ಸಾವಿರಾರು ಜನ ಹಾಗೆ ಶಾಂತವಾಗಿ ನಡೆದುಹೋಗುತ್ತಾರೆ. ಒಂದು ಕಾಲಕ್ಕೆ ತಂಡ ಮುಚ್ಚುವ ಹಾಗಾಗಿತ್ತು. 1970ರ ದಶಕದಲ್ಲಿ ಗಾಯಕ ಜಿಲ್ಬರ್ಟೊ ಜಿಲ್ ಅದರ ಜೊತೆ ಸೇರಿ, ಅದರ ಬಗ್ಗೆ ಹಾಡು ಕಟ್ಟಿ ಮತ್ತೆ ಎತ್ತಿ ನಿಲ್ಲಿಸಿದರು. ಅವರೇ ಮುಂದೆ ಬ್ರೆಜಿಲ್‌ನ ಸಂಸ್ಕೃತಿ ಮಂತ್ರಿಯಾದರು. ಪೋರ್ಚುಗೀಸ್ ಹಡಗುಗಳು ಬ್ರೆಜಿಲ್‌ನಿಂದ ನಮ್ಮ ಕರಾವಳಿಗೆ ಗೇರು ತಂದವು, ಇಲ್ಲಿಂದ ಹಲಸು ಅಲ್ಲಿಗೆ ಹೋಯಿತು. ಮಂಗಳೂರಿನ ಕಡೆ ಗೇರುಬೀಜವನ್ನು ನಾವು ನಮ್ಮದೇ ಅಂದುಕೊಂಡ ಹಾಗೆ ಬಹಿಯಾದ ಬೀದಿಯಲ್ಲಿ ಹಲಸಿನ ಹಣ್ಣು ಮಾರುವವರೂ ಅದನ್ನು ತಮ್ಮದೇ ಅಂದುಕೊಂಡಿದ್ದಾರೆ. ಈ ಊರು ನಮಗೆ ಅಂಥಾ ದೂರವೇನಲ್ಲ.

ಮತ್ತೆ ಆಲ್ಬಮ್‌ಗೆ ಬರುತ್ತೇನೆ. ಮೊದಲ ಹಾಡು ಕೇಳಿ ಇಡೀ ಆಲ್ಬಮ್ ಹೀಗೇ ಗುಡುಗುತ್ತದೆ ಅಂದುಕೊಂಡರೆ ನಿರಾಸೆಯಾಗುತ್ತದೆ. ಎರಡನೇ ಹಾಡು 'ಕಾಂಟ್ ರನ್ ಬಟ್' ಪಿಸುಮಾತಿನ ಹಾಗೆ ಶುರುವಾಗುತ್ತದೆ. ಅಲ್ಲಿರುವುದು ಮಿನಾಸ್ ಜೆರೈಸ್ ರಾಜ್ಯದ ಬೆಲೊ ಹೊರಿಜಾಂಟೆ ಊರಿನ ಉವಾಕ್ತಿ ತಂಡ. ಇವರು ಅಂಗಡಿಯಲ್ಲಿ ವಾದ್ಯ ಕೊಳ್ಳುವವರಲ್ಲ. ತಂಡ ಕಟ್ಟಿದ ಮಾರ್ಕೊ ಆಂಟೋನಿಯೊ ಗಿಮರಾಯಿಸ್ ಪಿವಿಸಿ ಪೈಪು, ಗಾಜು, ಮರ, ಲೋಹದ ತುಂಡು ಎಲ್ಲದರಿಂದ ತಾವೇ ವಾದ್ಯ ಮಾಡುತ್ತಿದ್ದರು. ಅಮೆಜಾನಿನ ತುಕಾನೊ ಜನರಲ್ಲಿ ಒಂದು ಕಥೆ ಇದೆ. ಉವಾಕ್ತಿ ಅನ್ನುವವನ ಮೈತುಂಬಾ ತೂತು. ಅವನು ಕಾಡಿನಲ್ಲಿ ಓಡಿದರೆ ಗಾಳಿ ಆ ತೂತುಗಳಲ್ಲಿ ಹಾಯ್ದು ಹಾಡಾಗುತ್ತಿತ್ತು. ಹೆಂಗಸರು ಆ ಹಾಡಿಗೆ ಮರುಳಾದರು, ಗಂಡಸರು ಅವನನ್ನು ಕೊಂದು ಹೂತರು. ಹೂತ ಜಾಗದಲ್ಲಿ ತಾಳೆ ಮರ ಎದ್ದಿತು, ಅದರಿಂದ ಕೊಳಲು ಮಾಡಿದರು. ತಂಡದ ಹೆಸರು ಅಲ್ಲಿಂದ ಬಂದದ್ದು. ಈ ಹಾಡಿನಲ್ಲಿ ಅವರ ವಾದ್ಯಗಳು ಒಂದೇ ಸಣ್ಣ ಸುತ್ತನ್ನು ಸುತ್ತುತ್ತಾ ಹೋಗುತ್ತವೆ, ತೊಟ್ಟಿಕ್ಕುವ ನೀರಿನ ಹಾಗೆ. ಮೇಲೆ ಜೆ.ಜೆ. ಕೇಲ್ ಅವರ ಗಿಟಾರ್, ಇದೆಯೋ ಇಲ್ಲವೋ ಅನ್ನುವಷ್ಟು. ಪದಗಳಲ್ಲಿ ಉಕ್ರೇನಿನ ಅಣುಸ್ಥಾವರದ ದುರಂತ ಬರುತ್ತದೆ. ಕೊನೆಗೆ ಒಂದು ಮಾತು ಬರುತ್ತದೆ. ಸಂಗೀತ ಕಷ್ಟದಲ್ಲಿದೆ, ಸಂಗೀತದ ವ್ಯಾಪಾರ ಮಾತ್ರ ಚೆನ್ನಾಗಿ ನಡೆದಿದೆ ಅಂತ. ಈ ಸಾಲಿಗೆ ಆಮೇಲೆ ವಾಪಸ್ ಬರುತ್ತೇನೆ.

'ದಿ ಕೋಸ್ಟ್' ಹಾಡಿನಲ್ಲಿ ದಕ್ಷಿಣ ಆಫ್ರಿಕಾದ ಲೇಡಿಸ್ಮಿತ್ ಬ್ಲ್ಯಾಕ್ ಮಾಂಬಾಜೊ ತಂಡದ ದನಿ ಇದೆ. 'ಸ್ಪಿರಿಟ್ ವಾಯ್ಸಸ್' ಅಮೆಜಾನಿನಲ್ಲಿ ದೋಣಿ ಹತ್ತಿ ಹೋಗಿ, ಅಲ್ಲಿನ ನಾಟಿ ವೈದ್ಯ ಕೊಟ್ಟ ಕಷಾಯ ಕುಡಿದ ರಾತ್ರಿಯ ಹಾಡು. ಅದರಲ್ಲಿ ಮಿಲ್ಟನ್ ನಾಸಿಮೆಂಟೊ ತಾವೇ ಬರೆದ ಪೋರ್ಚುಗೀಸ್ ಸಾಲುಗಳನ್ನು ಹಾಡುತ್ತಾರೆ. ಮಿನಾಸ್ ಜೆರೈಸ್‌ನ ಸಣ್ಣ ಊರಲ್ಲಿ ಬೆಳೆದ ಈ ಗಾಯಕನ ದನಿ ಬಂದ ಕೂಡಲೇ ಹಾಡಿಗೆ ಆಕಾಶ ತೆರೆದುಕೊಳ್ಳುತ್ತದೆ. ಸೈಮನ್ ಇಲ್ಲಿಯವರೆಗೆ ನದಿಯ ಬಗ್ಗೆ ಹೇಳುತ್ತಿದ್ದರು, ಈಗ ನದಿಯೇ ಬಾಯಿ ಬಿಟ್ಟಿತು ಅನ್ನಿಸುತ್ತದೆ. ಇನ್ನೂ ಸ್ವಲ್ಪ ಹೊತ್ತು ಹಾಡಬಾರದಿತ್ತೇ ಅಂತ ಪ್ರತಿ ಸಲವೂ ಅಂದುಕೊಳ್ಳುತ್ತೇನೆ.

ನನಗೆ ಎಲ್ಲಕ್ಕಿಂತ ಹತ್ತಿರದ್ದು 'ದಿ ಕೂಲ್, ಕೂಲ್ ರಿವರ್'. ಅದು ಒಂಬತ್ತರ ಎಣಿಕೆಯಲ್ಲಿ ನಡೆಯುತ್ತದೆ. ಪಾಪ್ ಸಂಗೀತದಲ್ಲಿ ಹೀಗೆ ಮಾಡುವವರು ಕಡಿಮೆ. ನಾಲ್ಕಕ್ಕೆ ಕಾಲು ತಟ್ಟಲು ಹೋದರೆ ತಪ್ಪುತ್ತದೆ. ಕರ್ನಾಟಕ ಸಂಗೀತದಲ್ಲಿ ಸಂಕೀರ್ಣ ನಡೆ ಕೇಳಿ ಅಭ್ಯಾಸ ಇದ್ದವರು ಒಂದು ಸುತ್ತು ಕೇಳಿ ಹಿಡಿದುಬಿಡಬಹುದು. ಹಾಡಿನ ಮೊದಲ ಭಾಗದಲ್ಲಿ ಸಿಟ್ಟು ಇದೆ, ಆಮೇಲೆ ಪ್ರಾರ್ಥನೆ. ಕೆಲವು ಸಲ ಸಂಗೀತ ಕೂಡ ಕಣ್ಣೀರಿನ ಜಾಗ ತುಂಬಲಾರದು ಅನ್ನುವ ಅರ್ಥದ ಸಾಲು ಬರುತ್ತದೆ. ಜೀವಮಾನವಿಡೀ ಸಂಗೀತ ಮಾಡಿದವರು ಇದನ್ನು ಹೇಳಬೇಕಾದರೆ ಏನೋ ಅನುಭವಿಸಿರಬೇಕು ಅಲ್ವಾ? ಆ ಸಾಲು ಮುಗಿದ ಮೇಲೆ ತುತ್ತೂರಿಗಳು ಒಟ್ಟಿಗೆ ಏಳುತ್ತವೆ. ನನಗೆ ಪ್ರತಿ ಸಲ ಮೈ ಜುಮ್ ಅನ್ನುತ್ತದೆ.

ಎಲ್ಲ ಹಾಡೂ ಈ ಮಟ್ಟದ್ದಲ್ಲ. ನಡುವೆ ಒಂದೆರಡು ಕಡೆ ಗಿಟಾರು, ಡ್ರಮ್ಮು ಎಲ್ಲ ತೀರಾ ನುಣುಪಾಗಿ ಕೂತು, ಎಷ್ಟು ಒಪ್ಪವಾಗಿದೆ ಅಂದರೆ ಬೀದಿಯ ಧೂಳೇ ಹೋಗಿಬಿಟ್ಟಿದೆ. ಟೇಪು ಕತ್ತರಿಸಿ ಜೋಡಿಸುವುದರಲ್ಲಿ ಇರುವ ಅಪಾಯ ಇದು. ಚೌಕದಲ್ಲಿ ಒಬ್ಬ ಇನ್ನೊಬ್ಬನ ಮುಖ ನೋಡಿ ಹೊಡೆದ ಏಟು ಸ್ಟುಡಿಯೋದಲ್ಲಿ ತುಂಡಾಗಿ ಬೇರೆ ಜಾಗಕ್ಕೆ ಹೋಗುತ್ತದೆ. ಆದರೆ ಬ್ರೆಜಿಲ್‌ನ ರೆಸಿಫೆ ಊರಿನ ತಾಳವಾದ್ಯಗಾರ ನಾನಾ ವಾಸ್ಕೊನ್ಸೆಲೊಸ್ ನುಡಿಸಿರುವ ಕಡೆಗಳಲ್ಲಿ ಹಾಗೆ ಅನ್ನಿಸುವುದಿಲ್ಲ. ಒಂದು ಗೆಜ್ಜೆ ಅಲ್ಲಾಡಿಸಿದರೂ ಅದರಲ್ಲಿ ಅವರ ಉಸಿರು ಇರುತ್ತದೆ.

ಈಗ ಆ ವ್ಯಾಪಾರದ ಸಾಲಿಗೆ ಬರುತ್ತೇನೆ. 'ದಿ ಆಬ್ವಿಯಸ್ ಚೈಲ್ಡ್' ಹಾಡಿನ ಮುಂದೆ ಬರೆದಿರುವುದು ಪದ ಮತ್ತು ಸಂಗೀತ ಪಾಲ್ ಸೈಮನ್ ಅಂತ. ಡ್ರಮ್ ನುಡಿಸಿದವರು ಓಲೊಡುಮ್ ಅಂತ ಹೆಸರು ಸ್ಪಷ್ಟವಾಗಿ ಇದೆ, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಹಾಡಿನ ವಿಡಿಯೋ ತೆಗೆದದ್ದೂ ಪೆಲೊರಿನ್ಯೊದಲ್ಲೇ, ಓಲೊಡುಮ್ ಜೊತೆಗೇ. ಆದರೂ ಹಾಡು ಯಾರದ್ದು ಅನ್ನುವ ಜಾಗದಲ್ಲಿ ಒಬ್ಬರದೇ ಹೆಸರು. ಇದು ಸೈಮನ್ ಒಬ್ಬರ ಗುಣದ ಪ್ರಶ್ನೆಯಲ್ಲ. ಕಾಪಿರೈಟ್ ವ್ಯವಹಾರ ನಡೆಯುವುದೇ ಹಾಗೆ. ರಾಗ ಮತ್ತು ಪದ ಬರೆದವರು ಹಾಡಿನ ಒಡೆಯರು. ಅವರಿಗೆ ಹಾಡು ನುಡಿದಾಗಲೆಲ್ಲ ರಾಯಲ್ಟಿ. ತಾಳಕ್ಕೆ ಅಲ್ಲಿ ಲೆಕ್ಕವಿಲ್ಲ. ತಾಳ ಕೊಟ್ಟವರಿಗೆ ಆ ದಿನದ ಸಂಭಾವನೆ ಕೊಟ್ಟರೆ ಮುಗಿಯಿತು. ಈ ಆಲ್ಬಮ್‌ನಲ್ಲಿ ಡ್ರಮ್ ಮೊದಲು ಹುಟ್ಟಿತು, ಹಾಡು ಅದರ ಮೇಲೆ ಬೆಳೆಯಿತು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು ತಿರುಗಾಮುರುಗಾ. ನೆಗಿನ್ಯೊ ವರ್ಷಗಟ್ಟಲೆ ಹುಡುಗರನ್ನು ನಿಲ್ಲಿಸಿ, ತಿದ್ದಿ, ಕೂಡಿಸಿ, ಕಟ್ಟಿದ ನಡೆಯನ್ನು ಸಂಯೋಜನೆ ಅಂತ ಕರೆಯಲು ಆ ಪುಸ್ತಕದಲ್ಲಿ ಜಾಗವೇ ಇಲ್ಲ.

ನಮ್ಮೂರ ಜಾತ್ರೆಯಲ್ಲಿ ತಮಟೆ ಇಲ್ಲದೆ ತೇರು ಹೊರಡುವುದಿಲ್ಲ. ತಮಟೆ ಬಡಿಯುವವರು ಬರಲಿ ಅಂತ ಎಲ್ಲರೂ ಕಾಯುತ್ತಾರೆ. ಅದು ಶುರುವಾದರೆ ಮುದುಕರಿಗೂ ಕಾಲು ನಿಲ್ಲುವುದಿಲ್ಲ. ಆದರೆ ಗುಡಿಯ ಮೆಟ್ಟಿಲ ಕೆಳಗೆ ನಿಂತು ಬಡಿಯಬೇಕು. ಊಟದ ಹೊತ್ತಿಗೆ ಪಂಕ್ತಿ ಬೇರೆ. ಹಾಡುವ ಭಜನೆಯವರಿಗೆ ಶಾಲು, ಇವರ ಕೈಗೆ ಒಂದಿಷ್ಟು ದುಡ್ಡು. ಬಹಿಯಾದ ಚರಿತ್ರೆ ಬೇರೆ, ನಮ್ಮ ಜಾತಿಯ ಚರಿತ್ರೆ ಬೇರೆ, ಎರಡನ್ನೂ ಒಂದೇ ಅಂತ ಹೇಳಲಾರೆ. ಆದರೆ ತಾಳ ಹಿಡಿದವರನ್ನು ಸಂಗೀತಗಾರರು ಅಂತ ಎಣಿಸದಿರುವುದು ಎಲ್ಲ ಕಡೆ ಎಷ್ಟು ಸಲೀಸಾಗಿ ನಡೆದುಹೋಗುತ್ತದೆ ಅಂತ ಈ ಆಲ್ಬಮ್ ಕೇಳುವಾಗೆಲ್ಲ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಇಷ್ಟೆಲ್ಲ ಹೇಳಿದರೂ ನಾನು ಇದನ್ನು ಕಳ್ಳತನ ಅನ್ನುವವರ ಸಾಲಿಗೆ ಸೇರುವುದಿಲ್ಲ. ಓಲೊಡುಮ್ ಜನ ತಿಳಿದೇ ಬಂದರು, ತಮ್ಮ ಚೌಕದಲ್ಲಿ ತಮ್ಮ ಹಾಗೇ ನುಡಿಸಿದರು. 1991ರ ಆಗಸ್ಟ್ 15ಕ್ಕೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಸೈಮನ್ ಉಚಿತ ಕಾರ್ಯಕ್ರಮ ಕೊಟ್ಟರು. ಲಕ್ಷಗಟ್ಟಲೆ ಜನ. ಅದು ಶುರುವಾದದ್ದೂ ಇದೇ ಹಾಡಿನಿಂದ, ಇದೇ ಡ್ರಮ್‌ನಿಂದ. 1996ರಲ್ಲಿ ಮೈಕಲ್ ಜಾಕ್ಸನ್ ಪೆಲೊರಿನ್ಯೊಗೆ ಬಂದು, ಸ್ಪೈಕ್ ಲೀ ನಿರ್ದೇಶನದಲ್ಲಿ ಓಲೊಡುಮ್ ಜೊತೆ ವಿಡಿಯೋ ಮಾಡಿದರು. ಆ ವಿಡಿಯೋದಲ್ಲಿ ಜಾಕ್ಸನ್ ಹಾಕಿದ್ದು ಓಲೊಡುಮ್ ಅಂಗಿ. ಈ ಹೆಸರಿನಿಂದ ತಂಡಕ್ಕೆ ಬಲ ಬಂತು. ಮಕ್ಕಳಿಗೆ ಡ್ರಮ್ ಕಲಿಸುವ ಅವರ ಶಾಲೆ ಇವತ್ತಿಗೂ ನಡೆಯುತ್ತಿದೆ.

ಊರಿನ ಕಥೆ ಮಾತ್ರ ಅಷ್ಟು ಸುಖದ್ದಲ್ಲ. ಸಾಲ್ವಡೋರಿನ ಹಳೇ ಊರಿಗೆ 1985ರಲ್ಲೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತ್ತು. 1990ರ ದಶಕದಲ್ಲಿ ರಾಜ್ಯ ಸರ್ಕಾರ ಆ ಮನೆಗಳನ್ನು ರಿಪೇರಿ ಮಾಡಿ, ಬಣ್ಣ ಬಳಿದು, ಪ್ರವಾಸಿಗರಿಗೆ ತೆರೆಯಿತು. ಅಲ್ಲಿ ಬದುಕಿದ್ದ ಎಷ್ಟೋ ಕುಟುಂಬಗಳಿಗೆ ಸಣ್ಣ ಪರಿಹಾರ ಕೊಟ್ಟು ಹೊರಗೆ ಕಳಿಸಿದರು. ಡ್ರಮ್‌ನಿಂದ ಆ ಚೌಕಕ್ಕೆ ಹೆಸರು ತಂದವರ ಮನೆಯವರೇ ಊರ ಅಂಚಿಗೆ ಹೋಗಬೇಕಾಯಿತು.

ನೆಗಿನ್ಯೊ ಓಲೊಡುಮ್ ಬಿಟ್ಟು 1993ರಲ್ಲಿ ಪೆಲೊರಿನ್ಯೊದಲ್ಲೇ ದಿದಾ ಅನ್ನುವ ತಂಡ ಕಟ್ಟಿದರು. ಪೂರ್ತಿ ಹೆಂಗಸರ ಡ್ರಮ್ ತಂಡ. ಸುರ್ದೊ ಭಾರದ ವಾದ್ಯ, ಹೆಣ್ಣುಮಕ್ಕಳಿಗೆ ಆಗದು ಅನ್ನುವ ಕಾಲ ಅದು. ಬಡ ಮನೆಯ ಹುಡುಗಿಯರಿಗೆ ಅವರು ಪುಕ್ಕಟೆ ಕಲಿಸಿದರು. 2009ರಲ್ಲಿ ತೀರಿಕೊಂಡರು. ದಿದಾ ನಿಲ್ಲಲಿಲ್ಲ. ಬೀದಿಯಲ್ಲಿ ಅವರು ನಡೆಯುವ ವಿಡಿಯೋಗಳು ಸುಲಭವಾಗಿ ಸಿಗುತ್ತವೆ. ಮುಂದಿನ ಸಾಲಿನಲ್ಲಿ ದೊಡ್ಡ ಸುರ್ದೊ ಕಟ್ಟಿಕೊಂಡವರ ಭುಜ ನೋಡಿ, ಕೋಲು ಮೇಲೆ ಹೋಗುವಾಗ ಅರ್ಧ ಸುತ್ತು ತಿರುಗಿ ಕೆಳಗೆ ಬರುತ್ತದೆ. ಆ ತಿರುವಿನಲ್ಲೇ ಸಾಂಬಾ-ರೆಗೇಯ ನಿಧಾನ ಇರುವುದು.

2018ರಲ್ಲಿ ಸೈಮನ್ ತಮ್ಮ ಹಳೇ ಹಾಡುಗಳನ್ನು ಹೊಸದಾಗಿ ಹಾಡಿ 'ಇನ್ ದಿ ಬ್ಲೂ ಲೈಟ್' ಅನ್ನುವ ಆಲ್ಬಮ್ ತಂದರು. 'ಕಾಂಟ್ ರನ್ ಬಟ್' ಅದರಲ್ಲಿದೆ. ಬ್ರೈಸ್ ಡೆಸ್ನರ್ ಅದನ್ನು ಪಿಟೀಲು, ಕೊಳಲು, ತುತ್ತೂರಿಯ ಸಣ್ಣ ತಂಡಕ್ಕೆ ಹೊಂದಿಸಿದ್ದಾರೆ. ಉವಾಕ್ತಿ ತಂಡ ಅದಕ್ಕೆ ಮೂರು ವರ್ಷ ಮೊದಲೇ ಮುಚ್ಚಿತ್ತು. ಪೈಪಿನ ವಾದ್ಯಗಳು ಹೊಸ ಹಾಡಿನಲ್ಲಿ ಇಲ್ಲ. ಆದರೂ ಕೇಳಿ ನೋಡಿ. ಪಿಟೀಲುಗಳು ಕೂತು ಕುಟುಕುಟು ನುಡಿಸುತ್ತಿರುವುದು ಆ ಬೆಲೊ ಹೊರಿಜಾಂಟೆಯವರ ಸುತ್ತನ್ನೇ. ಸೈಮನ್ ಅವರ ದನಿಗೆ ವಯಸ್ಸಾಗಿದೆ, ವಾದ್ಯ ಎಲ್ಲ ಬದಲಾಗಿದೆ, ಆ ಸುತ್ತನ್ನು ಮಾತ್ರ ಯಾರೂ ತೆಗೆಯಲು ಆಗಿಲ್ಲ. ತೆಗೆದರೆ ಅಲ್ಲಿ ಹಾಡೇ ಉಳಿಯುವುದಿಲ್ಲ. ಹಾಡನ್ನು ಯಾರು ಬರೆದರು ಅಂತ ಇನ್ನು ಯಾರಾದರೂ ಕೇಳಿದರೆ ನಾನು ಈ ಎರಡು ರೆಕಾರ್ಡಿಂಗ್‌ಗಳನ್ನು ಒಂದಾದ ಮೇಲೆ ಒಂದು ಹಾಕ್ತೀನಿ.